ಫುಟ್‌ಬಾಲ್ ಅಕಾಡೆಮಿ ಕೈಬಿಟ್ಟ 16ರ ಸ್ಟ್ರೈಕರ್ ಮಗನನ್ನು ನಾನ್-ಲೀಗ್ ಕ್ಲಬ್‌ಗೆ ಕಳಿಸಬೇಕಾ, ಇನ್ನೊಂದು ಅಕಾಡೆಮಿಗೆ ಕಾಯಬೇಕಾ?

ಮಗನಿಗೆ ಸ್ಕಾಲರ್‌ಶಿಪ್ (16ರ ನಂತರವೂ ಅಕಾಡೆಮಿಯಲ್ಲೇ ಉಳಿಸಿಕೊಳ್ಳುವ ಒಪ್ಪಂದ) ಸಿಗಲಿಲ್ಲ, ಪಕ್ಕದೂರಿನ ನಾನ್-ಲೀಗ್ (ಇಂಗ್ಲೆಂಡಿನ ಮೇಲಿನ ನಾಲ್ಕು ಲೀಗುಗಳಿಗಿಂತ ಕೆಳಗಿನ) ಕ್ಲಬ್ಬಿನ ಮ್ಯಾನೇಜರ್ ಫೋನ್ ಮಾಡುತ್ತಿದ್ದಾರೆ, ಅಷ್ಟು ಕೆಳಗೆ ಇಳಿಯಬೇಕಾ, ಇಲ್ಲಾ ಆಟ ಬಿಡಿಸಿ ಎ-ಲೆವೆಲ್ (ನಮ್ಮ ಪಿಯುಸಿ ಥರದ್ದು) ಓದಿಸಬೇಕಾ ಅಂತ ಕೇಳಿದ್ದೀರಿ. ಕಳಿಸಿ. ಈ ವಾರವೇ ಕಳಿಸಿ. ಇಂಥದ್ದೇ ಫೋನು 2016ರಲ್ಲಿ ನಮ್ಮ ಮನೆಗೂ ಬಂದಿತ್ತು. ನಾನು ಬೇಡ ಅಂದೆ.

ನಾವು ಮೈಸೂರಿನವರು. ಕೆಲಸಕ್ಕೆ ಅಂತ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಇಲ್ಲೇ ಉಳಿದೆವು. ಮಗ ಚಿಕ್ಕವನಿದ್ದಾಗಲೇ ಒಂದು ಅಕಾಡೆಮಿ, ಅಂದರೆ ದೊಡ್ಡ ಕ್ಲಬ್ ಮಕ್ಕಳಿಗೆ ನಡೆಸುವ ತರಬೇತಿ ಶಾಲೆ, ಸೇರಿದ. ಯಾವುದು ಅಂತ ಹೇಳುವುದು ಬೇಡ. ವಾರಕ್ಕೆ ಮೂರು ಸಂಜೆ ಕರೆದುಕೊಂಡು ಹೋಗಿ, ಕಾರಲ್ಲೇ ಚಪಾತಿ ರೋಲ್ ತಿನ್ನಿಸಿ, ಭಾನುವಾರ ಎಲ್ಲೆಲ್ಲಿಗೋ ಮ್ಯಾಚಿಗೆ ಓಡಿ ಬೆಳೆಸಿದ್ದು. 16ಕ್ಕೆ ಒಂದು ಸಣ್ಣ ರೂಮಿನಲ್ಲಿ ಕೂರಿಸಿ, ಹುಡುಗನ ಮೈಕಟ್ಟು ಸಾಲದು ಅಂದರು. ಮಾತು ಐದು ನಿಮಿಷದಲ್ಲಿ ಮುಗಿಯಿತು. ನಿಮ್ಮ ಮನೆಯಲ್ಲಿ ಈಗ ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಹದಿನೈದು ದಿನಕ್ಕೆ ಆ ಫೋನು ಬಂತು. ಮಂಗಳವಾರ, ಗುರುವಾರ ಸಂಜೆ ಪ್ರಾಕ್ಟೀಸು, ಶನಿವಾರ ಮ್ಯಾಚಿಗೆ ಬೆಂಚು (ಬದಲಿ ಆಟಗಾರರ ಜೊತೆ), ಆಮೇಲೆ ನೋಡೋಣ ಅಂದರು. ಮಗನಿಗೆ ಹೇಳದೆ ನಾನೊಬ್ಬನೇ ಹೋಗಿ ಮೈದಾನ ನೋಡಿ ಬಂದೆ. ಒಂದೇ ಬದಿಗೆ ತಗಡಿನ ಮಾಡು. ಗೋಲಿನ ಮುಂದೆ ಹುಲ್ಲೇ ಇಲ್ಲ, ಬರೀ ಕೆಸರು. ಡಿಫೆನ್ಸಿನ ನಡುವೆ ಆಡುವ ಸೆಂಟರ್-ಹಾಫ್ ಮೂವತ್ತೈದು ದಾಟಿದ ಪ್ಲಂಬರು. ಪೈಪು ತುಂಬಿದ ವ್ಯಾನಿನಿಂದ ಇಳಿದು, ಕೆಲಸದ ಬಟ್ಟೆಯಲ್ಲೇ ಡ್ರೆಸ್ಸಿಂಗ್ ರೂಮಿಗೆ ಹೋದ. ಇಂಥವರ ಮೊಣಕೈ ಏಟು ತಿನ್ನೋಕೆ ಮಗನನ್ನು ಕಳಿಸಲಾ ಅನ್ನಿಸಿತು. ಮಾರನೇ ದಿನ ಮ್ಯಾನೇಜರಿಗೆ ಥ್ಯಾಂಕ್ಸ್ ಹೇಳಿ ಮುಗಿಸಿದೆ.

ಆಮೇಲೆ ಇಡೀ ಒಂದು ಸೀಸನ್ ಬೇರೆ ಅಕಾಡೆಮಿಗಳ ಟ್ರಯಲ್‌ಗಳಲ್ಲೇ, ಅಂದರೆ ಆಯ್ಕೆ ಮ್ಯಾಚುಗಳಲ್ಲೇ, ಹೋಯಿತು. ಅಲ್ಲಿ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಟ್ರಯಲ್ ಮ್ಯಾಚಿನಲ್ಲಿ ಬಹಳಷ್ಟು ಹುಡುಗರು ಹೊರಗಿನಿಂದ ಬಂದವರು. ಒಬ್ಬನ ಹೆಸರು ಇನ್ನೊಬ್ಬನಿಗೆ ಗೊತ್ತಿರಲ್ಲ. ಎಲ್ಲರಿಗೂ ತಾನು ಕಾಣಿಸಬೇಕು. ಹಾಗಾಗಿ ಚೆಂಡು ಸಿಕ್ಕವನು ಪಾಸ್ ಕೊಡಲ್ಲ, ತಾನೇ ಎರಡು ಜನರನ್ನು ದಾಟಿಸಲು ನೋಡುತ್ತಾನೆ. ಡಿಫೆಂಡರ್ ಆದವನು ನಾಲ್ಕು ಚೆಂಡು ತಲೆಯಲ್ಲಿ ಹೊಡೆದು ಆಚೆ ಹಾಕಿದರೆ ಕೋಚ್ ಕಣ್ಣಿಗೆ ಬೀಳುತ್ತಾನೆ. ಗೋಲ್‌ಕೀಪರ್ ಎರಡು ಹೊಡೆತ ತಡೆದರೂ ಸಾಕು. ಗೋಲು ಹೊಡೆಯಬೇಕಾದ ಸ್ಟ್ರೈಕರ್ ಹಾಗಲ್ಲ. ಅವನು ಯಾವಾಗ ಓಡುತ್ತಾನೆ, ಚೆಂಡು ಕಾಲಿಗೆ ಬೇಕಾ, ಮುಂದಕ್ಕೆ ಬೇಕಾ ಅನ್ನುವುದು ಹಿಂದಿನವನಿಗೆ ತಿಳಿದಿರಬೇಕು. ಅದು ಕೂಡಿ ಆಡಿದರೆ ಬರುವಂಥದ್ದು. ನನ್ನ ಮಗ ಇಪ್ಪತ್ತು ನಿಮಿಷ ಸರಿಯಾದ ಜಾಗಕ್ಕೇ ಓಡುತ್ತಿದ್ದ, ಚೆಂಡು ಬರುತ್ತಿರಲಿಲ್ಲ. ಆಮೇಲೆ ಅವನನ್ನು ತೆಗೆದು ಇನ್ನೊಬ್ಬನನ್ನು ಇಳಿಸುತ್ತಿದ್ದರು. ಒಂದು ಕಡೆ ವಾರಗಟ್ಟಲೆ ಇಟ್ಟುಕೊಂಡು ಆಮೇಲೆ ಬೇಡ ಅಂದರು. ಇನ್ನೊಂದು ಕಡೆ ಉತ್ತರವೇ ಬರಲಿಲ್ಲ.

ಹೀಗೆ ವರ್ಷ ಮುಗಿದಾಗ ಅವನ ಹೆಸರಿನಲ್ಲಿ ಒಂದೇ ಒಂದು ಲೀಗ್ ಗೋಲು ಇರಲಿಲ್ಲ. ಒಂದೇ ಒಂದು ಲೀಗ್ ಮ್ಯಾಚೇ ಇರಲಿಲ್ಲ. ಕ್ಲಬ್‌ಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಸ್ಟ್ರೈಕರ್ ಬಗ್ಗೆ ಕೇಳುವ ಮೊದಲ ಪ್ರಶ್ನೆ, ಎಲ್ಲಿ ಆಡುತ್ತಾನೆ, ಎಷ್ಟು ಗೋಲು. ನಮ್ಮ ಹತ್ತಿರ ಹೇಳೋಕೆ ಏನೂ ಇರಲಿಲ್ಲ. ಮೈಕಟ್ಟು ಸಾಲದು ಅಂದಿದ್ದರಲ್ಲ, ಅದೂ ಹಾಗೇ ಉಳಿಯಿತು. ದೊಡ್ಡವರ ಜೊತೆ ಮೈ ತಾಗಿಸಿ ಆಡದೆ ಅದು ಎಲ್ಲಿಂದ ಬರಬೇಕು? ಅಷ್ಟರಲ್ಲಿ ಅವನ ನಂತರದ ಬ್ಯಾಚಿನ ಹುಡುಗರೂ ಬೇರೆ ಕ್ಲಬ್‌ಗಳ ಬಾಗಿಲು ತಟ್ಟೋಕೆ ಶುರು ಮಾಡಿದ್ದರು.

ನನಗೆ ಜಾಸ್ತಿ ಸಂಕಟ ಕೊಡುವುದು ಬೇರೆ. ದಾರಿ ನನ್ನ ಕಣ್ಣೆದುರೇ ಇತ್ತು. 2013ರ ಜನವರಿ 30, ಚೆಲ್ಸಿ ನಮ್ಮೂರಿಗೆ ಬಂದಿತ್ತು. 12 ವರ್ಷದ ಮಗನ ಜೊತೆ ಮಡೇಸ್ಕಿ ಸ್ಟೇಡಿಯಂನಲ್ಲಿ ಕೂತಿದ್ದೆ. ನಮ್ಮ ತಂಡ ರೆಡಿಂಗ್ 0-2 ಹಿಂದೆ. ಪಕ್ಕದವರು ಎದ್ದು ಹೋಗುತ್ತಿದ್ದರು. ಬದಲಿ ಆಟಗಾರನಾಗಿ ಬಂದ ಆಡಮ್ ಲೆ ಫಾಂಡ್ರ್ 87ನೇ ನಿಮಿಷದಲ್ಲಿ ಒಂದು ಹೊಡೆದ, 90 ನಿಮಿಷ ಮುಗಿದ ಮೇಲಿನ ಇಂಜುರಿ ಟೈಮ್‌ನಲ್ಲಿ ಇನ್ನೊಂದು. 2-2. ಮಗ ನನ್ನ ಕುತ್ತಿಗೆಗೆ ಜೋತುಬಿದ್ದು ಕಿರುಚಿದ. ಅದಕ್ಕೂ ಹನ್ನೊಂದು ದಿನ ಮೊದಲಷ್ಟೇ ಅದೇ ಆಟಗಾರ ನ್ಯೂಕ್ಯಾಸಲ್‌ನಲ್ಲೂ ಬೆಂಚಿನಿಂದ ಎದ್ದು ಬಂದು ಎರಡು ಹೊಡೆದು ಗೆಲ್ಲಿಸಿದ್ದ. ಆ ತಿಂಗಳ ಪ್ರೀಮಿಯರ್ ಲೀಗ್ ಪ್ಲೇಯರ್ ಆಫ್ ದಿ ಮಂತ್ ಅವನೇ.

ಈ ಲೆ ಫಾಂಡ್ರ್ ಎಲ್ಲಿಂದ ಬಂದವನು? ಹುಟ್ಟೂರು ಸ್ಟಾಕ್‌ಪೋರ್ಟ್‌ನ ಕ್ಲಬ್ಬು, ಅಲ್ಲಿಂದ ರಾಚ್‌ಡೇಲ್, ಅಲ್ಲಿಂದ ರಾದರಮ್. ಎಲ್ಲಾ ಕೆಳಗಿನ ಲೀಗುಗಳು. ಪ್ರತಿ ಶನಿವಾರ ಆಡಿ, ಗೋಲು ಹೊಡೆದು, 2011ರಲ್ಲಿ ರೆಡಿಂಗ್‌ಗೆ ಬಂದ. ಮೊದಲ ಸೀಸನ್ನಲ್ಲೇ ತಂಡ ಪ್ರೀಮಿಯರ್ ಲೀಗಿಗಿಂತ ಒಂದು ಹಂತ ಕೆಳಗಿನ ಚಾಂಪಿಯನ್‌ಶಿಪ್ ಲೀಗ್ ಗೆದ್ದಿತು, ಮುಂದಿನ ವರ್ಷ ಪ್ರೀಮಿಯರ್ ಲೀಗಿನಲ್ಲಿ ಅವನದು 12 ಗೋಲು. ರೆಡಿಂಗ್ ಆ ವರ್ಷವೇ ಕೆಳಗಿಳಿಯಿತು, ಅವನ ಓಡಾಟ ಮಾತ್ರ ನಿಲ್ಲಲಿಲ್ಲ. ಕಾರ್ಡಿಫ್, ಬೋಲ್ಟನ್, ವುಲ್ವ್ಸ್, ವಿಗನ್, ಆಮೇಲೆ ಆಸ್ಟ್ರೇಲಿಯಾದ ಸಿಡ್ನಿ. 2020-21ರಲ್ಲಿ ನಮ್ಮ ಐಎಸ್ಎಲ್‌ಗೂ (ಇಂಡಿಯನ್ ಸೂಪರ್ ಲೀಗ್) ಬಂದ. ಕೊರೊನಾ ಕಾಲ, ಎಲ್ಲಾ ಮ್ಯಾಚೂ ಗೋವಾದ ಖಾಲಿ ಮೈದಾನಗಳಲ್ಲಿ. ಅವನಿದ್ದ ಮುಂಬೈ ಸಿಟಿ ಆ ವರ್ಷ ಲೀಗಿನಲ್ಲಿ ಮೊದಲ ಸ್ಥಾನದ ಶೀಲ್ಡೂ ಗೆದ್ದಿತು, ಫೈನಲ್ಲೂ ಗೆದ್ದಿತು. ಮೈಸೂರಿನಲ್ಲಿ ನನ್ನ ತಮ್ಮ ಟಿವಿಯಲ್ಲಿ ನೋಡಿ "ಅಣ್ಣ, ನಿಮ್ಮೂರಿನವನು ಇಲ್ಲಿ ಆಡ್ತಾ ಇದ್ದಾನೆ" ಅಂತ ಫೋನ್ ಮಾಡಿದ. ಅಂಥವನಿಗೆ ಎದ್ದು ನಿಂತು ಚಪ್ಪಾಳೆ ಹೊಡೆದವನು ನಾನು. ಅಂಥದ್ದೇ ದಾರಿಯ ಮೊದಲ ಮೆಟ್ಟಿಲು ನನ್ನ ಮಗನ ಮುಂದೆ ಬಂದಾಗ, ಅದು ಕೀಳು ಜಾಗ ಅಂದುಕೊಂಡೆ.

ಅದಕ್ಕೇ ನಿಮ್ಮ "ಕೆಳಗೆ ಇಳಿಯಬೇಕಾ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಕಾಡೆಮಿಯಲ್ಲಿ ನಿಮ್ಮ ಮಗ ತನ್ನ ವಯಸ್ಸಿನವರ ಜೊತೆ ಆಡುತ್ತಿದ್ದ. ಆ ಮ್ಯಾಚುಗಳಲ್ಲಿ ಸೋತರೆ ಯಾರ ಸಂಬಳವೂ ಹೋಗಲ್ಲ. ನಾನ್-ಲೀಗಿನಲ್ಲಿ ದೊಡ್ಡವರ ಆಟ, ಮೂರು ಪಾಯಿಂಟಿಗೆ ಆಟ, ಬಂದ ಜನ ದುಡ್ಡು ಕೊಟ್ಟು ಬಂದವರು. ದೊಡ್ಡ ಕ್ಲಬ್‌ಗಳೇ ಸ್ಕಾಲರ್‌ಶಿಪ್ ಸಿಕ್ಕ ಹುಡುಗರನ್ನು ಲೋನ್ ಮೇಲೆ (ಸ್ವಲ್ಪ ಕಾಲಕ್ಕೆ) ಅಲ್ಲಿಗೆ ಕಳಿಸುತ್ತವೆ. ಸ್ಟ್ರೈಕರ್ ರಿಕಿ ಲ್ಯಾಂಬರ್ಟ್‌ನನ್ನು ಲಿವರ್‌ಪೂಲ್ 15ಕ್ಕೇ ಬಿಟ್ಟಿತು. ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರಾಚ್‌ಡೇಲ್, ಬ್ರಿಸ್ಟಲ್ ರೋವರ್ಸ್, ಸೌತಾಂಪ್ಟನ್ ಎಲ್ಲಾ ಸುತ್ತಿ, 2013ರಲ್ಲಿ 31ನೇ ವಯಸ್ಸಿಗೆ ಇಂಗ್ಲೆಂಡ್ ಪರ ವೆಂಬ್ಲಿಯಲ್ಲಿ ಇಳಿದು ಮೊದಲ ಟಚ್‌ನಲ್ಲೇ ಗೋಲು ಹೊಡೆದ. ಮುಂದೆ ಲೆಸ್ಟರ್ ಪರ ಪ್ರೀಮಿಯರ್ ಲೀಗ್ ಗೆದ್ದ ಸ್ಟ್ರೈಕರ್ ಜೇಮಿ ವಾರ್ಡಿಯನ್ನು ಶೆಫೀಲ್ಡ್ ವೆನ್ಸ್‌ಡೇ ನಿಮ್ಮ ಮಗನ ವಯಸ್ಸಿನಲ್ಲೇ ಬಿಟ್ಟಿತ್ತು. ಆಮೇಲೆ ಸ್ಟಾಕ್ಸ್‌ಬ್ರಿಜ್ ಅನ್ನುವ ನಾನ್-ಲೀಗ್ ಕ್ಲಬ್ಬಿನಲ್ಲಿ ವಾರಕ್ಕೆ 30 ಪೌಂಡ್‌ಗೆ ಆಡುತ್ತಿದ್ದ.

ಎಲ್ಲರೂ ವಾರ್ಡಿ ಆಗಲ್ಲ. ಹತ್ತಾರು ಕ್ಲಬ್ ಸುತ್ತಿ, ವರ್ಷ ವರ್ಷ ಕಾಂಟ್ರಾಕ್ಟಿಗೆ ಕಾಯುತ್ತಾ ಬದುಕುವ ಸ್ಟ್ರೈಕರ್‌ಗಳೇ ಜಾಸ್ತಿ. ಅದೂ ಮರ್ಯಾದೆಯ ದುಡಿಮೆಯೇ. ಆ ಬದುಕು ಬೇಕೋ ಬೇಡವೋ ಅನ್ನುವುದನ್ನು ಅವನು ಆಡಿ ನೋಡಿ ಹೇಳಲಿ. ನೀವು ಮೊದಲೇ ಬಾಗಿಲು ಹಾಕಬೇಡಿ.

ಓದಿನ ಚಿಂತೆ ಬೇಡ. ಇಂಗ್ಲೆಂಡಿನಲ್ಲಿ 18ರವರೆಗೆ ಓದು ಅಥವಾ ತರಬೇತಿಯಲ್ಲಿ ಇರಲೇಬೇಕು. ನಾನ್-ಲೀಗ್ ಪ್ರಾಕ್ಟೀಸು ಸಂಜೆ ಹೊತ್ತು. ಬೆಳಿಗ್ಗೆ ಎ-ಲೆವೆಲ್, ಸಂಜೆ ಮೈದಾನ, ಎರಡೂ ಆಗುತ್ತದೆ. ಲ್ಯಾಂಬರ್ಟ್ ಬೀಟ್‌ರೂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವನು. ವಾರ್ಡಿ ಕೈಕಾಲಿಗೆ ಕಟ್ಟುವ ಸ್ಪ್ಲಿಂಟ್ ಮಾಡುವ ಫ್ಯಾಕ್ಟರಿಯಲ್ಲಿ ದುಡಿದುಕೊಂಡೇ ಆಡಿದ.

ನನ್ನ ಮಗ 18ಕ್ಕೆ ನನ್ನನ್ನು ಕೇಳದೆ ತಾನೇ ಹೋಗಿ ಒಂದು ಸಣ್ಣ ಕ್ಲಬ್ ಸೇರಿದ. ಈಗಲೂ ಆಡುತ್ತಾನೆ, ಗೋಲು ಹೊಡೆಯುತ್ತಾನೆ, ವಾರವಿಡೀ ಆಫೀಸಿಗೂ ಹೋಗುತ್ತಾನೆ. ಮೇಲಿನ ಲೀಗಿಗೆ ಹೋಗುತ್ತಿದ್ದನೋ ಇಲ್ಲವೋ ನಾನು ಹೇಳಲಾರೆ. ಆ ಒಂದು ವರ್ಷ ಅವನಿಗೆ ಸಿಗಬೇಕಿತ್ತು, ಅಷ್ಟೇ.

ಮ್ಯಾನೇಜರಿಗೆ ಇವತ್ತೇ ವಾಪಸ್ ಫೋನ್ ಮಾಡಿ. ದುಡ್ಡು ಎಷ್ಟು ಅಂತ ಕೇಳಬೇಡಿ. ಫಸ್ಟ್ ಟೀಮಿನಲ್ಲಿ ಎಷ್ಟು ನಿಮಿಷ ಆಡಿಸುತ್ತೀರಿ, ಬೆಂಚಿನಲ್ಲೇ ಕೂರಿಸೋದಾದರೆ ವಾರದ ಮಧ್ಯೆ ರಿಸರ್ವ್ ಅಥವಾ ಅಂಡರ್-18 ಮ್ಯಾಚ್ ಇದೆಯಾ, ಗಾಯವಾದರೆ ನೋಡುವ ಫಿಸಿಯೋ ಇದ್ದಾರಾ ಅಂತ ಕೇಳಿ. ಆಡಿಸುವುದೇ ಇಲ್ಲ ಅನ್ನಿಸಿದರೆ ಇನ್ನೂ ಒಂದು ಹಂತ ಕೆಳಗಿನ ಕ್ಲಬ್ ನೋಡಿ, ಮೇಲಿನದ್ದಲ್ಲ. ಮತ್ತೆ, ಅಕಾಡೆಮಿಯ ನುಣುಪು ಪಿಚ್ಚಿನ ಬೂಟು ಅಲ್ಲಿ ಜಾರುತ್ತದೆ. ಕೆಸರಿಗೆ ಆಗುವ ಲೋಹದ ಸ್ಟಡ್ಡಿನ (ತಳದಲ್ಲಿ ಗುಬುಟುಗಳಿರುವ) ಬೂಟು ಒಂದು ಜೊತೆ ಕೊಡಿಸಿ.