ಕೆಲಸದ ಜೊತೆಗೆ ಮನಶ್ಶಾಸ್ತ್ರದ ಪಿಎಚ್‌.ಡಿ.

ಪ್ರಶ್ನೆ: ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಹಾಸನದ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೇನೆ. ಮಗು ಚಿಕ್ಕದು. ಕೆಲಸ ಬಿಡದೆ ಪಿಎಚ್‌.ಡಿ. ಮಾಡಬಹುದೇ?

ಉತ್ತರ: ಖಂಡಿತ ಮಾಡಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯು ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶ ಕೊಟ್ಟಿದೆ. ಆನ್‌ಲೈನ್ ಪಿಎಚ್‌.ಡಿ.ಗೆ ಅದರಲ್ಲಿ ಅವಕಾಶವಿಲ್ಲ; ಅಂಥ ಜಾಹೀರಾತು ನಂಬಿ ದಯವಿಟ್ಟು ಹಣ ಕಟ್ಟಬೇಡಿ. ಪಿಎಚ್‌.ಡಿ.ಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಮರುನೋಂದಣಿಯಿಂದ 2 ವರ್ಷ, ಮಹಿಳೆಯರಿಗೆ ಮತ್ತೂ 2 ವರ್ಷ ಸೇರಿ ಒಟ್ಟು 10 ವರ್ಷಗಳವರೆಗೆ ಕಾಲಾವಕಾಶ ಸಿಗಬಹುದು. ಹೆರಿಗೆ ಮತ್ತು ಶಿಶುಪಾಲನೆಗೆಂದು 240 ದಿನಗಳವರೆಗಿನ ರಜೆಯೂ ಉಂಟು.

ನಿಮಗೆ ಮೊದಲು ಬೇಕಾದದ್ದು ಶಾಲೆಯ ನಿರಾಕ್ಷೇಪಣಾ ಪತ್ರ. ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆಂದೂ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ (ಪಿಎಚ್‌.ಡಿ.ಯ ಭಾಗವಾದ ತರಗತಿ ಪಾಠಗಳು) ಮುಗಿಸಲು ನಿಮ್ಮನ್ನು ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು; ಬಾಯಿಮಾತಿನ ಒಪ್ಪಿಗೆ ಸಾಲದು. ನಿಮ್ಮ ಶಾಲೆಯ ಮಕ್ಕಳನ್ನೇ ಅಧ್ಯಯನಕ್ಕೆ ಆರಿಸಿಕೊಂಡರೆ ಓಡಾಟ ತಗ್ಗುತ್ತದೆ, ನಿಜ. ಆದರೆ ಸಲಹೆಗಾಗಿ ನಿಮ್ಮ ಬಳಿ ಬರುವ ಮಗು ಸಂಶೋಧನೆಗೆ ‘ಬೇಡ’ ಎನ್ನಲು ಹಿಂಜರಿಯಬಹುದಾದ್ದರಿಂದ, ಪೋಷಕರ ಲಿಖಿತ ಸಮ್ಮತಿ ಮತ್ತು ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ ಅನುಮೋದನೆಯ ಜೊತೆಗೆ, ಮಾಹಿತಿ ಸಂಗ್ರಹವನ್ನು ಬೇರೆ ಶಾಲೆಯಲ್ಲಿ ನಡೆಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಪಿಎಚ್‌.ಡಿ. ಪದವಿಯೊಂದರಿಂದಲೇ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯೆಂಬ ನೋಂದಣಿ ದೊರೆಯುವುದಿಲ್ಲ; ಅದಕ್ಕೆ ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ತರಬೇತಿಯೇ ಬೇಕು.