ಚಿಕ್ಕ ಕಂಪನಿ ಕಾನೂನು ಪ್ರಕಾರ ಸರಿಯಾಗಿ ನಡೆಯುತ್ತಿದೆ ಅನ್ನೋದಕ್ಕೆ ಸರ್ಕಾರಿ ಪುರಾವೆ ಎಲ್ಲಿ ಸಿಗುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಿಂಧನೂರಿನಲ್ಲಿ ಮೂವರು ಸೇರಿ ನಡೆಸುವ ರೈಸ್ ಮಿಲ್, ಪ್ರೈವೇಟ್ ಲಿಮಿಟೆಡ್ ಕಂಪನಿ. ಮಸ್ಕತ್‌ನ ವ್ಯಾಪಾರಿಯೊಬ್ಬರು ಸೋನಾ ಮಸೂರಿ ತರಿಸಿಕೊಳ್ಳಲು ಒಪ್ಪಿದ್ದಾರೆ. ಆದರೆ ಮೊದಲು ‘ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್’ ಕಳಿಸಿ ಎಂದಿದ್ದಾರೆ. ಹದಿನೆಂಟು ಸಾವಿರ ಕೊಟ್ಟರೆ ಎರಡೇ ದಿನದಲ್ಲಿ ತಂದುಕೊಡುತ್ತೇನೆ ಅಂತ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ಕೊಡಬಹುದಾ? ಇಲ್ಲ, ‘ಉದ್ಯಮ್’ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಸರ್ಟಿಫಿಕೇಟ್ ಕಳಿಸಿದರೆ ಸಾಕಾ?

ದಯವಿಟ್ಟು ಕೊಡಬೇಡಿ. ನಾನು ರಾಯಚೂರಿನಲ್ಲಿ ಮಿಲ್ ಮತ್ತು ಜಿನ್ನಿಂಗ್ ಫ್ಯಾಕ್ಟರಿಗಳ ಲೆಕ್ಕಪತ್ರ ನೋಡಿಕೊಳ್ಳುವವನು. ಇಂಥ ಪತ್ರ ಕೇಳಿಕೊಂಡು ಬರುವವರು ಈಗ ಜಾಸ್ತಿ ಆಗಿದ್ದಾರೆ. ಹೊರಗಿನ ಖರೀದಿದಾರರು ಕೇಳುತ್ತಾರೆ, ಬ್ಯಾಂಕ್ ಕೇಳುತ್ತದೆ, ದೊಡ್ಡ ಕಂಪನಿಗಳ ಪರ್ಚೇಸ್ ವಿಭಾಗದವರೂ ಕೇಳುತ್ತಾರೆ. ಎಲ್ಲರ ಮನಸ್ಸಿನಲ್ಲೂ ಒಂದೇ ಪತ್ರ ಇರುತ್ತದೆ: ಸರ್ಕಾರದ ಮೊಹರು ಬಿದ್ದ, ‘ಈ ಕಂಪನಿಯದು ಎಲ್ಲಾ ಸರಿಯಿದೆ’ ಅನ್ನೋ ಪತ್ರ. ನಮ್ಮ ದೇಶದಲ್ಲಿ ಅಂಥ ಒಂದೇ ಪತ್ರ ಇಲ್ಲ. ಜಿಎಸ್‌ಟಿಯವರು ಜಿಎಸ್‌ಟಿ ಮಾತ್ರ ನೋಡುತ್ತಾರೆ, ಪಿಎಫ್‌ನವರು ಪಿಎಫ್ ಮಾತ್ರ. ಎಲ್ಲವನ್ನೂ ನೋಡಿ ಒಂದೇ ಸಹಿ ಹಾಕುವ ಕಚೇರಿ ಯಾವುದೂ ಇಲ್ಲ.

ಇಂಗ್ಲೆಂಡಿನಲ್ಲಿ ಕಂಪನೀಸ್ ಹೌಸ್ ಎಂಬ ಸರ್ಕಾರಿ ಸಂಸ್ಥೆಗೆ ಶುಲ್ಕ ಕಟ್ಟಿದರೆ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ಅಂತಲೇ ಕೊಡುತ್ತಾರೆ. ಅಂಥ ದೇಶಗಳ ಜೊತೆ ವ್ಯವಹಾರ ಮಾಡಿದವರು ಅದೇ ಹೆಸರು ಹಿಡಿದು ನಮ್ಮನ್ನೂ ಕೇಳುತ್ತಾರೆ. ನಮ್ಮ 2013ರ ಕಂಪನಿ ಕಾಯ್ದೆಯಲ್ಲಿ ಆ ಹೆಸರಿನ ಫಾರಂ ಇಲ್ಲ. ಬೆಂಗಳೂರಿನ ಆರ್‌ಒಸಿ, ಅಂದರೆ ಕಂಪನಿಗಳ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಬರೆದು ಪತ್ರ ಕೇಳುವವರಿದ್ದಾರೆ. ಆದರೆ ಅದಕ್ಕೆ ಗೊತ್ತಾದ ಶುಲ್ಕವಿಲ್ಲ, ಗೊತ್ತಾದ ಗಡುವೂ ಇಲ್ಲ. ಎರಡು ದಿನದಲ್ಲಿ ತರುತ್ತೇನೆ ಅನ್ನುವವನು ಎಲ್ಲಿಂದ ತರುತ್ತಾನೆ ಅಂತ ನೀವೇ ಯೋಚಿಸಿ. ಮೂರು ಸಿಂಹದ ಲಾಂಛನ ಹಾಕಿ, ಚೆಂದದ ಕಾಗದದಲ್ಲಿ ಮುದ್ರಿಸಿ ಕೊಟ್ಟರೆ ಅದು ಸರ್ಕಾರಿ ಪತ್ರ ಆಗುವುದಿಲ್ಲ. ರಾಷ್ಟ್ರ ಲಾಂಛನವನ್ನು ಹಾಗೆ ಬಳಸುವುದನ್ನು ತಡೆಯಲು 2005ರ ಕಾಯ್ದೆಯೇ ಇದೆ. ಆ ನಕಲಿ ಪತ್ರವನ್ನು ಖರೀದಿದಾರರಿಗೆ ಕಳಿಸಿದವರು ನೀವಾಗುತ್ತೀರಿ, ಏಜೆಂಟ್ ಅಲ್ಲ.

ಹಾಗಾದರೆ ಏನು ಕಳಿಸಬೇಕು? ಮೊದಲು ನಿಮ್ಮ ಕಂಪನಿಯನ್ನು ಹೊರಗಿನವರ ಕಣ್ಣಿನಿಂದ ನೋಡಿ. ಎಂಸಿಎ, ಅಂದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಲಾಗಿನ್ ಆಗಿ ಕಂಪನಿಯ ‘ಮಾಸ್ಟರ್ ಡೇಟಾ’ ತೆಗೆಯಿರಿ. ದುಡ್ಡು ಬೇಕಿಲ್ಲ. ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ ಹಾಕಿದರೆ ಸಾಕು. 21 ಅಕ್ಷರ-ಅಂಕಿಗಳ ಆ ಸಂಖ್ಯೆಯಲ್ಲೇ ರಾಜ್ಯದ ‘ಕೆಎ’ಯೂ ಕಂಪನಿ ಹುಟ್ಟಿದ ವರ್ಷವೂ ಇರುತ್ತವೆ. ಒಂದು ಪುಟ ಬರುತ್ತದೆ. ಮಸ್ಕತ್‌ನ ವ್ಯಾಪಾರಿ ಇಲ್ಲಿನ ಯಾವ ವಕೀಲರನ್ನು ಕೇಳಿದರೂ ಅವರು ಮೊದಲು ತೆರೆಯುವುದು ಇದೇ ಪುಟ.

ಅದರಲ್ಲಿ ನಾಲ್ಕು ಕಡೆ ಕಣ್ಣು ಹಾಯಿಸಿ. ಸ್ಟೇಟಸ್ ‘ಆಕ್ಟಿವ್’ ಅಂತಿದೆಯಾ? ಕೊನೆಯ ವಾರ್ಷಿಕ ಸಭೆಯ ದಿನಾಂಕ, ಕೊನೆಯ ಬ್ಯಾಲೆನ್ಸ್ ಶೀಟ್ ದಿನಾಂಕ ಈಚಿನವಾ? ವಿಳಾಸ ಈಗಿನದಾ? ಕೆಳಗೆ ‘ಚಾರ್ಜ್’, ಅಂದರೆ ಅಡಮಾನದ ಪಟ್ಟಿಯಲ್ಲಿ ಏನಿದೆ?

ಸ್ಟೇಟಸ್ ಆಕ್ಟಿವ್ ಇದ್ದೂ ಬ್ಯಾಲೆನ್ಸ್ ಶೀಟ್ ದಿನಾಂಕ ಎರಡು ವರ್ಷ ಹಳೆಯದಾಗಿದ್ದರೆ ಯಾವ ಸರ್ಟಿಫಿಕೇಟೂ ನಿಮ್ಮನ್ನು ಕಾಪಾಡುವುದಿಲ್ಲ. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ಆಗಬೇಕು. ಸಭೆಯಾಗಿ 30 ದಿನದೊಳಗೆ ಲೆಕ್ಕಪತ್ರದ ಎಒಸಿ-4, 60 ದಿನದೊಳಗೆ ವಾರ್ಷಿಕ ರಿಟರ್ನ್. ಚಿಕ್ಕ ಕಂಪನಿಗಳಿಗೆ ಈ ರಿಟರ್ನ್ ಎಂಜಿಟಿ-7ಎ ಎಂಬ ಚಿಕ್ಕ ಫಾರಂನಲ್ಲಿ ಹೋಗುತ್ತದೆ. ತಪ್ಪಿದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಲೇಟ್ ಫೀ, ಅದಕ್ಕೆ ಮಿತಿಯಿಲ್ಲ. ಎರಡೂ ಫಾರಂ ಒಂದು ವರ್ಷ ತಡವಾದರೆ 73,000 ರೂಪಾಯಿ. ವ್ಯಾಪಾರ ಡಲ್ ಇದ್ದ ವರ್ಷ ‘ವಹಿವಾಟೇ ಇಲ್ಲ, ಏನು ಫೈಲ್ ಮಾಡೋದು’ ಅಂತ ಬಿಟ್ಟವರೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ. ವಹಿವಾಟು ಇಲ್ಲದಿದ್ದರೂ ಫೈಲ್ ಮಾಡಲೇಬೇಕು. ಸತತ ಮೂರು ವರ್ಷ ಬಿಟ್ಟರೆ ಡೈರೆಕ್ಟರುಗಳು ಐದು ವರ್ಷ ಅನರ್ಹರಾಗುತ್ತಾರೆ, ಕಂಪನಿ ಹೆಸರನ್ನೇ ರಿಜಿಸ್ಟರ್‌ನಿಂದ ತೆಗೆಯಬಹುದು. 2018ರಲ್ಲಿ, ಮತ್ತೆ 2020ರಲ್ಲಿ ಸರ್ಕಾರ ರಿಯಾಯಿತಿ ಯೋಜನೆ ತಂದಿತ್ತು. ಮುಂದೆ ಬರಬಹುದು ಅಂತ ಕಾಯುತ್ತಾ ಕೂರಬೇಡಿ. ದಿನಕ್ಕೆ ನೂರು ಏರುತ್ತಲೇ ಇರುತ್ತದೆ.

ವಿಳಾಸದ ವಿಷಯ ನಮ್ಮ ಕಡೆಯ ಮಿಲ್‌ಗಳಲ್ಲಿ ತುಂಬಾ ಕಾಣುತ್ತೇನೆ. ಕಂಪನಿ ಶುರು ಮಾಡುವಾಗ ಊರೊಳಗಿನ ಮನೆಯ ವಿಳಾಸ ಕೊಟ್ಟಿರುತ್ತಾರೆ, ಕರೆಂಟ್ ಬಿಲ್ ಅಲ್ಲಿಯದೇ ಸಿಕ್ಕಿತು ಅಂತ. ಆಮೇಲೆ ಗಂಗಾವತಿ ರಸ್ತೆಯಲ್ಲಿ ಮಿಲ್ ಏಳುತ್ತದೆ, ಆಫೀಸೂ ಅಲ್ಲಿಗೇ ಹೋಗುತ್ತದೆ. ಜಿಎಸ್‌ಟಿಯಲ್ಲಿ ಮಿಲ್ ವಿಳಾಸ, ಎಂಸಿಎಯಲ್ಲಿ ಮನೆ ವಿಳಾಸ, ಲೆಟರ್‌ಹೆಡ್‌ನಲ್ಲಿ ಗಂಜ್‌ನ ಅಂಗಡಿ ವಿಳಾಸ. ಕಾಗದ ಓದುವ ಹೊರಗಿನವನಿಗೆ ಇವು ಮೂರು ಬೇರೆ ಕಂಪನಿಗಳ ಹಾಗೆ ಕಾಣುತ್ತವೆ. ಮನೆಯನ್ನೇ ನೋಂದಾಯಿತ ಕಚೇರಿಯಾಗಿ ಇಟ್ಟುಕೊಂಡರೆ ತಪ್ಪೇನಿಲ್ಲ. ಆದರೆ ಅಲ್ಲಿ ಕಂಪನಿ ಬೋರ್ಡ್ ಇರಬೇಕು, ಬಂದ ನೋಟಿಸ್ ತೆಗೆದುಕೊಳ್ಳಲು ಜನ ಇರಬೇಕು, ಲೆಟರ್‌ಹೆಡ್‌ನಲ್ಲಿ ಅದೇ ವಿಳಾಸ ಮತ್ತು ಸಿಐಎನ್ ಇರಬೇಕು. ಬೋರ್ಡ್ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಅಂದರೆ ಸಿಂಧನೂರಿನಲ್ಲಿ ಕನ್ನಡ ಬೋರ್ಡ್ ಹಾಕುವುದು ಈ ಕೇಂದ್ರ ಕಾಯ್ದೆಯ ಪ್ರಕಾರವೂ ಕಡ್ಡಾಯ. ಕಚೇರಿ ನಿಜವಾಗಿ ಬದಲಾಗಿದ್ದರೆ 30 ದಿನದೊಳಗೆ ಐಎನ್‌ಸಿ-22 ಎಂಬ ಫಾರಂ ಹಾಕಬೇಕು. ಊರಿನ ಗಡಿ ದಾಟಿ ಹೋದರೆ ಷೇರುದಾರರ ವಿಶೇಷ ನಿರ್ಣಯವೂ ಬೇಕು.

ಇನ್ನು ಚಾರ್ಜ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಸರಿಯಾಗಿ ನಡೆಯುವ ಮಿಲ್‌ಗಳೂ ಇಲ್ಲಿ ಸಿಕ್ಕಿಕೊಳ್ಳುತ್ತವೆ. ಕಂಪನಿ ಹೆಸರಲ್ಲಿ ಮಷಿನ್ ಅಥವಾ ಜಾಗ ಅಡವಿಟ್ಟು ಸಾಲ ತೆಗೆದಾಗ ಆ ಅಡಮಾನ ಎಂಸಿಎಯಲ್ಲಿ ದಾಖಲಾಗುತ್ತದೆ. ಬ್ಯಾಂಕಿನವರೇ ಬೆನ್ನುಹತ್ತಿ ಮಾಡಿಸುತ್ತಾರೆ. ಸಾಲ ತೀರಿದ ಮೇಲೆ ಬೆನ್ನುಹತ್ತುವವರು ಯಾರೂ ಇರುವುದಿಲ್ಲ. ಮಾಲೀಕರು ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಪತ್ರ ತಂದು ಫೈಲಿನಲ್ಲಿಟ್ಟು ನೆಮ್ಮದಿಯಾಗುತ್ತಾರೆ. ಸಿಎಚ್‌ಜಿ-4 ಎಂಬ ಫಾರಂ ಹಾಕುವವರೆಗೆ ಪೋರ್ಟಲ್‌ನಲ್ಲಿ ಆ ಸಾಲ ಹಾಗೇ ನಿಂತಿರುತ್ತದೆ. ಅಕ್ಕಿಯನ್ನು ಬಣ್ಣ ನೋಡಿ ಬೇರ್ಪಡಿಸುವ ಕಲರ್ ಸಾರ್ಟೆಕ್ಸ್ ಮಷಿನ್‌ಗೆ ತೆಗೆದ ಸಾಲ ಎಂದೋ ತೀರಿರುತ್ತದೆ, ಮಷಿನ್ ಗುಜರಿಗೂ ಹೋಗಿರುತ್ತದೆ, ಪಟ್ಟಿಯಲ್ಲಿ ಮಾತ್ರ ಲಕ್ಷಗಟ್ಟಲೆ ಸಾಲ ‘ಓಪನ್’ ಅಂತ ತೋರಿಸುತ್ತದೆ. ಹೊಸ ಬ್ಯಾಂಕ್‌ನವರು ಅದನ್ನು ನೋಡಿದ ಕೂಡಲೇ ಫೈಲ್ ಪಕ್ಕಕ್ಕಿಡುತ್ತಾರೆ. ಸಾಲ ತೀರಿ 30 ದಿನದೊಳಗೆ ಇದನ್ನು ಹಾಕಬೇಕು, ಹೆಚ್ಚುವರಿ ಶುಲ್ಕ ಕಟ್ಟಿ 300 ದಿನದವರೆಗೆ ಹಾಕಬಹುದು. ಅದೂ ದಾಟಿದರೆ ದಾರಿ ಉದ್ದವಾಗುತ್ತದೆ. ಹಾಗಾಗಿ ನೋ ಡ್ಯೂ ಪತ್ರ ಕೈಗೆ ಬಂದ ದಿನವೇ ಅದರ ಪ್ರತಿಯನ್ನು ನಿಮ್ಮ ಆಡಿಟರಿಗೆ ಕಳಿಸಿ.

ಈ ಪುಟ ಶುದ್ಧವಾದ ಮೇಲೆ ಕಾಗದ ಕೂಡಿಸುವುದು ಕಷ್ಟವಲ್ಲ. ಎಂಸಿಎ ಪೋರ್ಟಲ್‌ನಲ್ಲೇ ದೃಢೀಕೃತ ಪ್ರತಿಗಳಿಗೆ ಅರ್ಜಿ ಹಾಕಬಹುದು, ಇದಕ್ಕೆ ಬೆಂಗಳೂರಿಗೆ ಬಸ್ ಹತ್ತಬೇಕಿಲ್ಲ. ಇನ್‌ಕಾರ್ಪೊರೇಷನ್ ಸರ್ಟಿಫಿಕೇಟಿಗೆ 100 ರೂಪಾಯಿ, ಉಳಿದ ದಾಖಲೆಗಳಿಗೆ ಪುಟಕ್ಕೆ 25 ರೂಪಾಯಿ. ಕಂಪನಿಯ ಉದ್ದೇಶ ಹೇಳುವ ಮೆಮೊರಾಂಡಮ್, ಒಳನಿಯಮಗಳ ಆರ್ಟಿಕಲ್ಸ್, ಕೊನೆಯ ವಾರ್ಷಿಕ ರಿಟರ್ನ್ ಇವಿಷ್ಟು ತೆಗೆಸಿ. ಇವು ನಿಜವಾದ ಸರ್ಕಾರಿ ಪುರಾವೆ.

ಆಮೇಲೆ ಸ್ವಂತ ಪ್ರಾಕ್ಟೀಸ್ ಮಾಡುವ ಒಬ್ಬ ಕಂಪನಿ ಸೆಕ್ರೆಟರಿಯನ್ನು (ಕಂಪನಿ ಕಾನೂನಿನ ವೃತ್ತಿಪರರನ್ನು) ಹಿಡಿಯಿರಿ. ರಿಜಿಸ್ಟರ್ ನೋಡಿ, ‘ಈ ಕಂಪನಿ ಅಸ್ತಿತ್ವದಲ್ಲಿದೆ, ಇಂಥ ವರ್ಷದವರೆಗೆ ರಿಟರ್ನ್ ಸಲ್ಲಿಸಿದೆ, ಡೈರೆಕ್ಟರುಗಳು ಇವರು, ಕಂಪನಿ ಮುಚ್ಚುವ ಪ್ರಕ್ರಿಯೆ ಯಾವುದೂ ನಡೆದಿಲ್ಲ’ ಎಂದು ಅವರು ಸರ್ಟಿಫಿಕೇಟ್ ಕೊಡುತ್ತಾರೆ. ಖರೀದಿದಾರರು ಕೇಳಿದ ಗುಡ್ ಸ್ಟ್ಯಾಂಡಿಂಗ್ ಪತ್ರದ ಜಾಗದಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ. ಅದರ ಮೇಲೆ ಯುಡಿಐಎನ್, ಅಂದರೆ ಆ ಒಂದು ಪತ್ರಕ್ಕೇ ಸೇರಿದ ಗುರುತಿನ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯನ್ನು ಕಂಪನಿ ಸೆಕ್ರೆಟರಿಗಳ ರಾಷ್ಟ್ರೀಯ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಹಾಕಿದರೆ ಪತ್ರ ಅಸಲಿಯೋ ನಕಲಿಯೋ ಯಾರು ಬೇಕಾದರೂ ನೋಡಿಕೊಳ್ಳಬಹುದು. ನಿಮ್ಮ ಸಿಎ ಟರ್ನೋವರ್ ಸರ್ಟಿಫಿಕೇಟ್ ಕೊಟ್ಟರೂ ಇದೇ ನಿಯಮ. ಸಂಖ್ಯೆ ಇಲ್ಲದ ಪತ್ರ ಕೊಟ್ಟರೆ ವಾಪಸ್ ಕೊಡಿ.

ಮಸ್ಕತ್ ಆದ್ದರಿಂದ ಅಪೊಸ್ಟಿಲ್, ಅಂದರೆ ನಮ್ಮ ದಾಖಲೆಯನ್ನು ಬೇರೆ ದೇಶದವರು ಒಪ್ಪಲು ಹಾಕುವ ಸರ್ಕಾರಿ ದೃಢೀಕರಣ ಕೇಳಬಹುದು. ಭಾರತವೂ ಒಮಾನ್ ಕೂಡ ಅದರ ಅಂತರರಾಷ್ಟ್ರೀಯ ಒಪ್ಪಂದದಲ್ಲಿವೆ. ವ್ಯಾಪಾರದ ದಾಖಲೆಗೆ ಮೊದಲು ಎಫ್‌ಕೆಸಿಸಿಐನಂಥ ಚೇಂಬರ್ ಆಫ್ ಕಾಮರ್ಸ್‌ನ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಸಚಿವಾಲಯದವರು ನಮ್ಮಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ಅವರು ನೇಮಿಸಿದ ಏಜೆನ್ಸಿಗಳ ಮೂಲಕವೇ ಹೋಗಬೇಕು. ಆ ಏಜೆನ್ಸಿಗಳ ಹೆಸರು ಸಚಿವಾಲಯದ ವೆಬ್‌ಸೈಟ್‌ನಲ್ಲೇ ಇದೆ. ಎಲ್ಲ ಗಲ್ಫ್ ದೇಶಗಳೂ ಈ ಒಪ್ಪಂದದಲ್ಲಿಲ್ಲ. ಇಲ್ಲದ ದೇಶಕ್ಕೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ ಬೇಕಾಗುತ್ತದೆ. ಖರೀದಿದಾರರು ಕೇಳದಿದ್ದರೆ ಸುಮ್ನೆ ಈ ಖರ್ಚಿಗೆ ಇಳಿಯಬೇಡಿ.

ಕಂಪನಿ ಕಾಯ್ದೆ ಹೊರತಾಗಿ ಉಳಿದವು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ನಂಬರ್ ಹಾಕಿದರೆ ಯಾವ ತಿಂಗಳ ರಿಟರ್ನ್ ಯಾವತ್ತು ಹೋಗಿದೆ ಅನ್ನೋ ಪಟ್ಟಿ ಲಾಗಿನ್ ಇಲ್ಲದೆಯೇ ಕಾಣುತ್ತದೆ. ನಿಮ್ಮ ಖರೀದಿದಾರರೂ ಅದನ್ನು ನೋಡಬಲ್ಲರು. ಆಹಾರ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ರಫ್ತಿನ ಐಇಸಿ ಕೋಡನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ಪೋರ್ಟಲ್‌ನಲ್ಲಿ ಖಚಿತಪಡಿಸಬೇಕು, ಬದಲಾವಣೆ ಏನೂ ಇಲ್ಲದಿದ್ದರೂ. ಮರೆತರೆ ಕೋಡ್ ನಿಷ್ಕ್ರಿಯವಾಗುತ್ತದೆ. ಕಂಟೇನರ್ ಲೋಡ್ ಆಗುವ ಹೊತ್ತಿಗೆ ಇದು ಗೊತ್ತಾದರೆ ಎಷ್ಟು ಸಂಕಟ ಅಂತ ಅನುಭವಿಸಿದವರಿಗೇ ಗೊತ್ತು. ‘ಉದ್ಯಮ್’ ಸರ್ಟಿಫಿಕೇಟ್ ಕಳಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನೀವು ಯಾವ ಗಾತ್ರದ ಉದ್ಯಮ ಅಂತ ಮಾತ್ರ ಅದು ಹೇಳುತ್ತದೆ, ನಿಯಮ ಪಾಲಿಸಿದ್ದೀರಿ ಅಂತಲ್ಲ.

ಹಮಾಲರ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಕೆಲಸದವರು ಹನ್ನೆರಡೇ ಜನ, ಪಿಎಫ್ ಬರುವುದಿಲ್ಲ ಅಂತ ಮಿಲ್‌ನವರು ಹೇಳುತ್ತಾರೆ. ಪಿಎಫ್‌ಗೆ 20 ಜನ, ಕಾರ್ಮಿಕರ ವಿಮೆಯಾದ ಇಎಸ್‌ಐಗೆ 10 ಜನ ಅನ್ನೋ ಲೆಕ್ಕದಲ್ಲಿ ಗುತ್ತಿಗೆ ಮೇಸ್ತ್ರಿ ಕರೆತಂದವರೂ ಸೇರುತ್ತಾರೆ. ಚೀಲ ಹೊರುವವರನ್ನು ಬಿಟ್ಟು ಎಣಿಸಬೇಡಿ. ದೊಡ್ಡ ಕಂಪನಿಗಳು ನಿಮ್ಮಿಂದ ಅಕ್ಕಿ ಕೊಳ್ಳುವಾಗ ಪಿಎಫ್ ಚಲನ್ ಕೇಳುವುದು ಇದಕ್ಕೇ, ಮತ್ತು ಕೇಳುವುದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಚಲನ್ ಹಿಂದೆ ಬೆನ್ನು ಬಗ್ಗಿಸಿ ದುಡಿದ ಮನುಷ್ಯರಿದ್ದಾರೆ. ಅವರ ದುಡ್ಡು ಕಟ್ಟದೆ ‘ಎಲ್ಲಾ ಸರಿಯಿದೆ’ ಅನ್ನೋ ಪತ್ರಕ್ಕೆ ನಾನಂತೂ ಸಹಾಯ ಮಾಡುವುದಿಲ್ಲ.

ಈಗ ಮಾಡಬೇಕಾದ ಮೊದಲ ಕೆಲಸ: ಮಸ್ಕತ್‌ನವರಿಗೆ ಒಂದು ಮೇಲ್ ಬರೆಯಿರಿ. ಭಾರತದಲ್ಲಿ ಆ ಹೆಸರಿನ ನಿಗದಿತ ಪತ್ರ ಇಲ್ಲ, ಅದರ ಬದಲು ಮಾಸ್ಟರ್ ಡೇಟಾ, ದೃಢೀಕೃತ ಪ್ರತಿಗಳು ಮತ್ತು ಕಂಪನಿ ಸೆಕ್ರೆಟರಿಯ ಸರ್ಟಿಫಿಕೇಟ್ ಕಳಿಸುತ್ತೇವೆ, ಸಾಕಾ ಅಂತ ನೇರವಾಗಿ ಕೇಳಿ. ಪತ್ರ ಎಷ್ಟು ದಿನ ಹಳೆಯದಾಗಿದ್ದರೆ ಒಪ್ಪುತ್ತೀರಿ, ಅಪೊಸ್ಟಿಲ್ ಬೇಕಾ ಅಂತಲೂ ಅದರಲ್ಲೇ ಕೇಳಿ. ಅವರ ಉತ್ತರ ಬಂದ ಮೇಲೆಯೇ ಸೆಕ್ರೆಟರಿಯ ಸಹಿ ಮಾಡಿಸಿ, ಇಲ್ಲದಿದ್ದರೆ ತಾರೀಖು ಹಳತಾಗಿ ಮತ್ತೆ ಮಾಡಿಸಬೇಕಾಗುತ್ತದೆ. ನಿಮ್ಮ ಮಾಸ್ಟರ್ ಡೇಟಾದಲ್ಲಿ ಹಳೆಯ ಚಾರ್ಜ್ ಓಪನ್ ಇದ್ದರೆ ಸಾಲ ತೀರಿದ ತಾರೀಖನ್ನು ಕೆಳಗೆ ಬರೆಯಿರಿ. 300 ದಿನದ ಒಳಗಿದೆಯೋ ಇಲ್ಲವೋ ನೋಡಿ, ಮುಂದೆ ಏನು ಮಾಡಬೇಕು ಅಂತ ಹೇಳುತ್ತೇನೆ.