ಸ್ಪರ್ಧೆಯಿಂದ ಮರಳಿದ ಕುದುರೆ ಮತ್ತು ಮನೆಯ ಲಾಯ

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಮೂರು ಕುದುರೆಗಳಿವೆ. ಮಗಳು ಅವುಗಳಲ್ಲಿ ಒಂದನ್ನು ಜಿಗಿತದ ಸ್ಪರ್ಧೆಗೆಂದು ಬೆಂಗಳೂರಿಗೆ ಕರೆದೊಯ್ದಿದ್ದಳು. ಅಲ್ಲಿ ಪಕ್ಕದ ಲಾಯದ ಕುದುರೆ ಕೆಮ್ಮುತ್ತಿತ್ತಂತೆ. ನಮ್ಮದು ಮನೆಗೆ ಬಂದ ಐದನೆಯ ದಿನ ಮೇವು ಬಿಟ್ಟಿತು. ಮೂಗಿನಲ್ಲಿ ಕೀವು, ದವಡೆಯ ಕೆಳಗೆ ಗಂಟು ಕಾಣಿಸಿತು. ಆಮೇಲೆ ಉಳಿದೆರಡಕ್ಕೂ ಬಂತು. ಈಗ ಮೂರೂ ಚೇತರಿಸಿಕೊಂಡಿವೆ. ಮುಂದಿನ ಸಲ ಲಾಯಕ್ಕೆ ಔಷಧ ಸಿಂಪಡಿಸಿಕೊಂಡರೆ ಸಾಕೇ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಸಾಲದು. ನೀವು ಬರೆದಿರುವ ಲಕ್ಷಣಗಳು ಸ್ಟ್ರಾಂಗಲ್ಸ್ ಎಂಬ ಬ್ಯಾಕ್ಟೀರಿಯಾ ರೋಗವನ್ನು ಹೋಲುತ್ತವೆಯಾದರೂ ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಅದನ್ನು ಖಚಿತಪಡಿಸಲಾಗದು. ಸೋಂಕು ತಗುಲಿದ 3ರಿಂದ 14 ದಿನಗಳಲ್ಲಿ ಈ ರೋಗ ತಲೆದೋರುತ್ತದೆ. ಇದರಲ್ಲಿ ಮೊದಲು ಬರುವುದು ಜ್ವರ; ಮೂಗಿನಿಂದ ರೋಗಾಣು ಹೊರಬೀಳುವುದು ಸಾಮಾನ್ಯವಾಗಿ ಅದಾದ ಒಂದೆರಡು ದಿನಗಳ ಬಳಿಕ. ಎಂದರೆ ಜ್ವರ ಕಂಡ ದಿನವೇ ಕುದುರೆಯನ್ನು ಬೇರೆ ಕಟ್ಟಿದ್ದರೆ ಉಳಿದೆರಡು ಪಾರಾಗುವ ಸಾಧ್ಯತೆಯಿತ್ತು. ಆದ್ದರಿಂದ ಸಿಂಪಡಣೆಯ ಡಬ್ಬಕ್ಕಿಂತ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ. ಸ್ಪರ್ಧೆಯ ದಿನಗಳಲ್ಲಿಯೂ ಮರಳಿದ ನಂತರದ ಮೂರು ವಾರಗಳಲ್ಲಿಯೂ ಬೆಳಿಗ್ಗೆ, ಸಂಜೆ ಗುದದ್ವಾರದ ತಾಪ ನೋಡಿ ಬರೆದಿಡಿ. ಅದು 101.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಪಶುವೈದ್ಯರನ್ನು ಕರೆಸಿ. ಜ್ವರದ ಕುದುರೆಗೆ ತಾಪ ಇಳಿಸುವ ಔಷಧ ಕೊಟ್ಟು ಗಾಡಿ ಹತ್ತಿಸುವವರೂ ಇದ್ದಾರೆ. ಅದು ರೋಗವನ್ನು ಇಡೀ ಮೈದಾನಕ್ಕೆ ಹಂಚಿದಂತೆ.

ಇನ್ನು ನೀರಿನ ವಿಷಯ. ಸ್ಪರ್ಧೆಯ ಮೈದಾನದಲ್ಲಿ ರಬ್ಬರ್ ಪೈಪಿನ ತುದಿಯನ್ನು ಒಂದು ಬಕೆಟ್ಟಿನ ನೀರಿನೊಳಗೇ ಬಿಟ್ಟು ತುಂಬಿಸಿ, ಅದೇ ತುದಿಯನ್ನು ಮುಂದಿನ ಬಕೆಟ್ಟಿಗೆ ಇಳಿಸುವುದು ಸಾಮಾನ್ಯ ದೃಶ್ಯ. ಮೊದಲ ಕುದುರೆ ನೀರಿನಲ್ಲಿ ಬಿಟ್ಟ ಸಿಂಬಳ ಹೀಗೆ ಸಾಲಿನ ಕೊನೆಯವರೆಗೂ ಹೋಗುತ್ತದೆ. ಪೈಪನ್ನು ಬಕೆಟ್ಟಿನಿಂದ ಒಂದು ಗೇಣು ಮೇಲಕ್ಕೆ ಹಿಡಿಯುವಂತೆ ಕುದುರೆ ನೋಡಿಕೊಳ್ಳುವ ಸೈಸ್‌ಗೆ ಹೇಳಿ. ಬಕೆಟ್, ಕಡಿವಾಣ, ಮೈಯುಜ್ಜುವ ಬ್ರಷ್, ಮೂಗೊರೆಸುವ ಬಟ್ಟೆ ಇವೆಲ್ಲ ನಿಮ್ಮವೇ ಆಗಿರಲಿ. ಸ್ನೇಹಕ್ಕಾದರೂ ಕಡ ಕೊಡಬೇಡಿ.

ಕುದುರೆಯ ಇನ್‌ಫ್ಲುಯೆನ್ಸಾ ಇದಕ್ಕಿಂತ ಚುರುಕು. ಒಂದರಿಂದ ಮೂರು ದಿನಗಳಲ್ಲೇ ಕಾಣಿಸಿಕೊಂಡು ಕೆಮ್ಮಿನ ಹನಿಗಳ ಮೂಲಕ ಹರಡುತ್ತದೆ. ಅದಕ್ಕೆ ಲಸಿಕೆಯಿದೆ. ಆದರೆ ಹೊರಡುವ ಹಿಂದಿನ ದಿನ ಹಾಕಿಸಿದರೆ ಫಲವಿಲ್ಲ, ವೇಳಾಪಟ್ಟಿಯನ್ನು ವೈದ್ಯರೊಂದಿಗೆ ಮೊದಲೇ ಗೊತ್ತುಮಾಡಿಕೊಳ್ಳಿ. ಕುದುರೆಗಳಿಗೆ ತಗಲುವ ಇನ್ನೊಂದು ವೈರಸ್ ಹರ್ಪಿಸ್; ನರಗಳಿಗೆ ಹಾನಿ ಮಾಡುವ ಅದರ ರೂಪದ ವಿಚಾರದಲ್ಲಿ ಲಸಿಕೆಯನ್ನೇ ನೆಚ್ಚಿಕೊಳ್ಳುವಂತಿಲ್ಲ. 2021ರಲ್ಲಿ ಸ್ಪೇನಿನ ವೆಲೆನ್ಸಿಯಾದ ಜಿಗಿತದ ಸ್ಪರ್ಧೆಯಲ್ಲಿ ಅದು ಕಾಣಿಸಿಕೊಂಡು ಕುದುರೆಗಳು ಸತ್ತಾಗ, ಯುರೋಪಿನ ಹಲವು ದೇಶಗಳ ಸ್ಪರ್ಧೆಗಳನ್ನೇ ವಾರಗಟ್ಟಲೆ ನಿಲ್ಲಿಸಬೇಕಾಯಿತು.

ಮರಳಿದ ಕುದುರೆಯನ್ನು ಮೂರು ವಾರ ಪ್ರತ್ಯೇಕ ಕೊಟ್ಟಿಗೆಯಲ್ಲಿ ಕಟ್ಟಿ, ಮನೆಯ ಕುದುರೆಗಳ ಚಾಕರಿ ಮುಗಿದ ಮೇಲೆ ಕೊನೆಗೆ ಅದರ ಬಳಿ ಹೋಗಿ. ನಿಮ್ಮ ಕಡೆ ಮಳೆಗಾಲದಲ್ಲಿ ಲಾಯ ಒಣಗುವುದೇ ಇಲ್ಲ, ತೇವದಲ್ಲಿ ರೋಗಾಣು ಹೆಚ್ಚು ದಿನ ಉಳಿಯುತ್ತದೆ. ಹಾಗಾಗಿ ಔಷಧ ಸಿಂಪಡಿಸುವುದಾದರೆ ಲದ್ದಿ, ಹುಲ್ಲು ಗುಡಿಸಿ, ಸೋಪಿನಿಂದ ತೊಳೆದು, ನೀರು ಸೋರಿದ ಮೇಲೆ ಸಿಂಪಡಿಸಿ. ಕೊಳೆಯ ಮೇಲೆ ಸುರಿದ ಬ್ಲೀಚಿಂಗ್ ಪುಡಿ ಬಹುತೇಕ ವ್ಯರ್ಥ.

ಮೂಗಿನ ಕೀವಿನ ಜೊತೆ ಚರ್ಮದ ಮೇಲೆ ಒಡೆಯುವ ಗಂಟುಗಳಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಅದು ಮನುಷ್ಯರಿಗೂ ತಗಲುವ ಗ್ಲ್ಯಾಂಡರ್ಸ್ ಇರಬಹುದು, ಆ ಶಂಕೆಯನ್ನು ಪಶುಪಾಲನಾ ಇಲಾಖೆಗೆ ತಿಳಿಸುವುದು ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣದ 2009ರ ಕಾಯ್ದೆಯಂತೆ ಕಡ್ಡಾಯ.

ಕೊನೆಯದಾಗಿ, ಸ್ಟ್ರಾಂಗಲ್ಸ್‌ನಿಂದ ಗುಣವಾದ ಕೆಲವು ಕುದುರೆಗಳು ಗಂಟಲ ಪಕ್ಕದ ಗಾಳಿಚೀಲಗಳಲ್ಲಿ ತಿಂಗಳುಗಟ್ಟಲೆ ರೋಗಾಣುವನ್ನು ಹೊತ್ತಿರುತ್ತವೆ, ನೋಡಲು ಆರೋಗ್ಯವಾಗಿಯೇ ಇರುತ್ತವೆ. ನಿಮ್ಮ ಮೂರರಲ್ಲಿ ಅಂಥದ್ದಿದೆಯೇ ಎಂದು ತಿಳಿಯಲು ಆ ಚೀಲ ತೊಳೆದ ದ್ರವವನ್ನು ಪರೀಕ್ಷಿಸಬೇಕು. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ಬಗ್ಗೆ ವಿಚಾರಿಸಿ. ಫಲಿತಾಂಶ ಕೈಸೇರುವವರೆಗೆ ಮಗಳ ಹೆಸರನ್ನು ಮುಂದಿನ ಸ್ಪರ್ಧೆಗೆ ನೋಂದಾಯಿಸಬೇಡಿ.